ಎಕ್ಕದ ಎಲೆಯ ಬಣ್ಣ ನಮ್ಮ ಗೋಡೆಗೆ ಬಂದ 41 ದಿನ

ಮೊನ್ನೆ ಭಾನುವಾರ ಸಂಜೆ ನಮ್ಮ ಮನೆಯ ಬಣ್ಣದ ಕೆಲಸ ಮುಗಿಯಿತು. ಗೋಡೆ ಕೆರೆಯಲು ಶುರು ಮಾಡಿದ ದಿನದಿಂದ ಲೆಕ್ಕ ಹಾಕಿದರೆ 41 ದಿನ. ಹದಿನೈದು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆವು. ಸುಸ್ತಾಗಿದೆ, ಖುಷಿಯೂ ಇದೆ. ಮರೆಯುವ ಮುಂಚೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಇಂಥ ತಿಳಿ ಬೂದುಹಸಿರು ಬಣ್ಣ ಹಾಕಿಸಬೇಕು ಅಂತ ಆಸೆಪಟ್ಟವರಿಗೆ ಸುಂದರವಾದ ಫೋಟೋಗಳು ಬೇಕಾದಷ್ಟು ಸಿಗುತ್ತವೆ, ಆದರೆ ಆ ಫೋಟೋದವರೆಗೆ ಹೋಗುವ ದಾರಿಯನ್ನು ಯಾರೂ ಹೇಳುವುದಿಲ್ಲ.

ನಮ್ಮದು ದಾವಣಗೆರೆ ನಿಟುವಳ್ಳಿಯಲ್ಲಿರುವ ಮನೆ. ಮಾವ 1991ರಲ್ಲಿ ಕಟ್ಟಿಸಿದ್ದು. ಹಾಲ್, ಎರಡು ರೂಮು, ಅಡುಗೆಮನೆ. ಹಾಲಿಗೆ ಕೆಂಪು ಆಕ್ಸೈಡ್ ನೆಲ. ಗೋಡೆಗೆ ಮೊದಲಿಂದಲೂ ತಿಳಿನೀಲಿ. ಒಂದರ ಮೇಲೊಂದು ಎಷ್ಟು ಸಲ ನೀಲಿ ಬಳಿದಿದ್ದರೋ, ಸ್ವಿಚ್ ಬೋರ್ಡಿನ ಪಕ್ಕ ಎದ್ದ ಒಂದು ಚಕ್ಕೆ ಹಪ್ಪಳದಷ್ಟು ದಪ್ಪ ಇತ್ತು.

ನನಗೆ ಬೇಕಿದ್ದ ಬಣ್ಣಕ್ಕೆ ಹೆಸರು ಹೇಳುವುದೇ ಕಷ್ಟವಾಯಿತು. ಹಸಿರು ಅಂದರೆ ಎಲ್ಲರೂ ಗಿಳಿಹಸಿರು ಅಂದುಕೊಳ್ಳುತ್ತಾರೆ. ಬೂದು ಅಂದರೆ ಸಿಮೆಂಟು. ನನ್ನ ಮನಸ್ಸಿನಲ್ಲಿದ್ದದ್ದು ಎರಡರ ನಡುವಿನದು, ಅದೂ ತುಂಬಾ ತಿಳಿಯಾದದ್ದು. ಹದಡಿ ರಸ್ತೆ ಕಡೆ ಒಂದು ಖಾಲಿ ಸೈಟಿನಲ್ಲಿ ಎಕ್ಕದ ಗಿಡ ಇದೆ. ರಥಸಪ್ತಮಿಗೆ ತಲೆ, ಭುಜದ ಮೇಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಅದೇ ಎಲೆ. ಎಳೆ ಎಲೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಇರುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಪುಡಿ ಹೋಗಿ ಒಳಗಿನ ಹಸಿರು ಕಾಣುತ್ತದೆ. ಉಜ್ಜದೆ ಬಿಟ್ಟ ಜಾಗ ಇದೆಯಲ್ಲ, ಆ ಬಣ್ಣ ಬೇಕಿತ್ತು ನನಗೆ. ಒಂದು ಎಲೆ ಕಿತ್ತುಕೊಂಡು, ಅದರ ಹಾಲು ಕೈಗೆ ಕಣ್ಣಿಗೆ ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಡಿಗೆ ಹೋದೆ.

ಅತ್ತೆಗೆ ಮೊದಲು ಸುತರಾಂ ಇಷ್ಟವಿರಲಿಲ್ಲ. "ಬೂದಿ ಬಳಿಸ್ತೀಯೇನವ್ವಾ ಗೋಡೆಗೆ?" ಅಂದರು. ನೀಲಿ ಮಾವನವರು ಆರಿಸಿದ ಬಣ್ಣ ಅನ್ನುವುದು ಅವರ ಬಾಯಿಂದ ಬರಲಿಲ್ಲ, ಆದರೆ ನನಗೆ ಗೊತ್ತಿತ್ತು. ಹಾಗಾಗಿ ದೇವರ ಮನೆಯನ್ನು ನೀಲಿಯಲ್ಲೇ ಬಿಡೋಣ ಅಂತ ಮೊದಲ ದಿನವೇ ಹೇಳಿಬಿಟ್ಟೆ. ಅವರು ಏನೂ ಅನ್ನಲಿಲ್ಲ, ಮಾರನೇ ದಿನ ಬೀರುವಿನ ಬಟ್ಟೆ ಖಾಲಿ ಮಾಡಲು ಶುರು ಮಾಡಿದರು.

ಮೊದಲ ತೊಡಕು ಪೇಂಟರ್ ಸಿಗದೇ ಹೋದದ್ದು. ನಾನು ಜನವರಿಯಲ್ಲಿ ಹುಡುಕಲು ಹೊರಟೆ. ಈ ವರ್ಷ ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆ ಇದೆ ಅನ್ನುವುದು ಗೊತ್ತಿತ್ತು, ಆದರೆ ಅದಕ್ಕೂ ಪೇಂಟರಿಗೂ ಇರುವ ಸಂಬಂಧ ಹೊಳೆಯಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹಳೇ ಊರಿನಲ್ಲಿ ನೆಂಟರು ಬರುವ ಮುಂಚೆ ಮನೆ ಮನೆಗೂ ಸುಣ್ಣ ಬಣ್ಣ ಆಗಬೇಕು. ಮೂವರು ಮೇಸ್ತ್ರಿಗಳು ಜಾತ್ರೆ ಆದ ಮೇಲೆ ನೋಡೋಣ ಅಂದುಬಿಟ್ಟರು. ನಾಲ್ಕನೆಯವರು ಹನ್ನೊಂದು ದಿನ ಕಾಯಿಸಿ ಒಪ್ಪಿದರು, ಜಾತ್ರೆಯ ವಾರ ಬರುವುದಿಲ್ಲ ಅನ್ನುವ ಷರತ್ತಿನ ಮೇಲೆ. ಜಾತ್ರೆ, ಯುಗಾದಿ, ದೀಪಾವಳಿಗೆ ಮುಂಚಿನ ಎರಡು ತಿಂಗಳು ಬಿಟ್ಟು ಕೆಲಸ ಇಟ್ಟುಕೊಂಡರೆ ಆಳು ಸುಲಭವಾಗಿ ಸಿಗುತ್ತಾರೆ, ರೇಟೂ ಸ್ವಲ್ಪ ಇಳಿಯುತ್ತದೆ.

ಆಮೇಲೆ ಅಳತೆ. ಮೇಸ್ತ್ರಿ ಟೇಪ್ ಹಿಡಿದು ಅರ್ಧ ಗಂಟೆಯಲ್ಲಿ 3,250 ಚದರ ಅಡಿ ಅಂದರು. ನಾನೂ ನನ್ನ ಗಂಡನೂ ಆ ರಾತ್ರಿ ಕೂತು ಅಳೆದರೆ ಗೋಡೆ 2,050, ಮೇಲಿನ ತಾರಸಿ (ಸೀಲಿಂಗ್) 780, ಒಟ್ಟು 2,830. ವ್ಯತ್ಯಾಸ ಎಲ್ಲಿ ಅಂದರೆ ಅವರು ಬಾಗಿಲು ಕಿಟಕಿ ಕಳೆದಿರಲಿಲ್ಲ. ಕೇಳಿದ್ದಕ್ಕೆ, "ಅಕ್ಕಾರೆ, ಕಿಟಕಿ ಸುತ್ತ ಬ್ರಷ್ ಹಿಡಿದು ಅಂಚು ತೆಗೆಯೋದಕ್ಕೆ ಬಯಲು ಗೋಡೆಗಿಂತ ಜಾಸ್ತಿ ಹೊತ್ತು ಹಿಡಿತದ್ರಿ" ಅಂದರು. ಆ ಮಾತು ಸರಿಯೇ. ಕೊನೆಗೆ 3,000 ಅಡಿಗೆ, ಅಡಿಗೆ 15 ರೂಪಾಯಿಯಂತೆ 45,000 ಕೂಲಿ ಅಂತ ಮಾತಾಯಿತು. ಸಾಮಾನು ನಮ್ಮದು. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು: ಕೆರೆಯುವುದು, ಪುಟ್ಟಿ (ಗೋಡೆ ನಯ ಮಾಡಲು ಬಳಿಯುವ ಬಿಳಿ ಹಿಟ್ಟು) ಎರಡು ಸಲ, ಉಜ್ಜುವುದು, ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಕೋಟು) ಒಂದು, ಬಣ್ಣ ಎರಡು ಕೋಟು. ಮುಂಗಡ 10,000, ಪುಟ್ಟಿ ಮುಗಿದ ಮೇಲೆ 20,000, ಎಲ್ಲ ಮುಗಿದು ಹಗಲು ಬೆಳಕಲ್ಲಿ ನೋಡಿದ ಮೇಲೆ 15,000. ಈ ಹಾಳೆ ಮುಂದೆ ಎರಡು ಸಲ ಕೆಲಸಕ್ಕೆ ಬಂತು. ದಯವಿಟ್ಟು ಬಾಯಿಮಾತಿನಲ್ಲಿ ಬಿಡಬೇಡಿ.

ಇನ್ನು ಬಣ್ಣ ಆರಿಸಿದ ಕಥೆ. ಇದಕ್ಕೇ ನಾನು ಜಾಸ್ತಿ ಹೊತ್ತು ಕೊಟ್ಟದ್ದು, ನೀವೂ ಕೊಡಬೇಕು.

ಅಂಗಡಿಯಲ್ಲಿ ಎಲೆಯನ್ನು ಶೇಡ್ ಕಾರ್ಡಿನ ಮೇಲಿಟ್ಟು ನೋಡಿ ಮೂರು ಬಣ್ಣ ಗುರುತು ಮಾಡಿದೆ. ಮೂರನ್ನೂ ಒಂದೊಂದು ಲೀಟರ್ ಮಿಷನ್ನಿನಲ್ಲಿ ಕಲಸಿಸಿದೆ, ಒಟ್ಟು 1,800 ರೂಪಾಯಿ. ದುಡ್ಡು ದಂಡ ಅಂತ ಮನೆಯಲ್ಲಿ ಎಲ್ಲರೂ ಅಂದರು. ಮನೆಗೆ ತಂದು ಹಳೇ ನೀಲಿ ಗೋಡೆಯ ಮೇಲೇ ಮೂರು ಚೌಕ ಬಳಿದೆ. ಬಳಿದ ತಕ್ಷಣ ಎದೆ ಧಸಕ್ ಅಂತು. ಮೂರೂ ಹಳದಿ ಹಳದಿ, ಮಜ್ಜಿಗೆ ಹುಳಿಯ ಹಾಗೆ ಕಾಣುತ್ತಿದ್ದವು. ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಮೇಸ್ತ್ರಿ ನೋಡಿ ಕಾರಣ ಹೇಳಿದರು. ಸುತ್ತ ನೀಲಿ ಇದ್ದರೆ ಕಣ್ಣಿಗೆ ಬೂದು ಬಣ್ಣ ಹಳದಿ ಹೊಡೆಯುತ್ತದೆ. ಕೆಂಪಿನ ಪಕ್ಕ ಇಟ್ಟರೆ ಅದೇ ಬೂದು ಹಸಿರಾಗುತ್ತದೆ. ತಿಳಿ ಬಣ್ಣದ್ದು ಇದೇ ಗುಣ, ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ನಿಂತಿರುತ್ತದೆ.

ಆಮೇಲೆ ಮೂರು ದೊಡ್ಡ ಬಿಳಿ ಡ್ರಾಯಿಂಗ್ ಶೀಟು ತಂದೆ. ಒಂದೊಂದಕ್ಕೂ ಒಂದೊಂದು ಬಣ್ಣ, ಎರಡೆರಡು ಕೋಟು. ಅಂಚಿಗೆ ಎರಡು ಬೆರಳಷ್ಟು ಬಿಳಿ ಬಿಟ್ಟೆ, ಗೋಡೆಯ ನೀಲಿ ನೇರವಾಗಿ ತಾಗದಿರಲಿ ಅಂತ. ಒಂದು ದಿನ ಒಣಗಲು ಬಿಟ್ಟೆ. ಹಸಿ ಇದ್ದಾಗ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆ ಬಣ್ಣ) ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಆದ್ದರಿಂದ ಹಸಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಆಮೇಲೆ ಮೂರು ಶೀಟನ್ನೂ ರೂಮಿಂದ ರೂಮಿಗೆ ಹೊತ್ತು ಗೋಡೆಗೆ ಒರಗಿಸುತ್ತಾ ಬಂದೆ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ಐದಕ್ಕೆ, ರಾತ್ರಿ ಲೈಟಿನಲ್ಲಿ.

ಹಾಲಿಗೆ ಉತ್ತರದ ಕಿಟಕಿ ಒಂದೇ. ಈ ಕಾಲದಲ್ಲಿ ನೇರ ಬಿಸಿಲು ಬೀಳುವುದಿಲ್ಲ, ತಣ್ಣನೆ ಬೆಳಕು. ಅಲ್ಲಿ ಮೊದಲ ಶೇಡು ಪೂರ್ತಿ ನೀಲಿಯಾಗಿಬಿಟ್ಟಿತು. ಎರಡನೆಯದು ಹಗಲಲ್ಲಿ ಚೆನ್ನಾಗಿತ್ತು, ರಾತ್ರಿ ಟ್ಯೂಬ್‌ಲೈಟಿನಲ್ಲಿ ಆಸ್ಪತ್ರೆ ವಾರ್ಡಿನ ಹಾಗೆ ಕಂಡಿತು. ಮೂರನೆಯದರಲ್ಲಿ ಒಂದು ಹನಿ ಹಳದಿ ಜಾಸ್ತಿ. ಕಾರ್ಡಿನಲ್ಲಿ ಮೂರರಲ್ಲಿ ಅದೇ ಸಪ್ಪೆ ಅನಿಸಿತ್ತು. ಹಾಲಿನ ಗೋಡೆಗೆ ಒರಗಿಸಿದಾಗ, ಕೆಳಗೆ ಕೆಂಪು ನೆಲ ಇದ್ದದ್ದರಿಂದ ಮೆಲ್ಲಗೆ ಹಸಿರು ಎದ್ದು ಬಂತು. ಅತ್ತೆ ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು, "ಇದು ಎಕ್ಕದೆಲೆ ಕಂಡಂಗೈತಲ್ಲ" ಅಂದರು. ನಾನು ಎಲೆಯ ವಿಷಯ ಅವರಿಗೆ ಹೇಳಿರಲೇ ಇಲ್ಲ. ಅಲ್ಲಿಗೆ ತೀರ್ಮಾನವಾಯಿತು.

ಕೆಲವು ಶೇಡ್ ಪುಸ್ತಕಗಳಲ್ಲಿ ಬಣ್ಣದ ಜೊತೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ ಅದು. ಕಡುಕಪ್ಪು 0, ಅಚ್ಚ ಬಿಳಿ 100. ಒಂದೇ ಕಿಟಕಿಯ ಹಾಲಿಗೆ 60ಕ್ಕಿಂತ ಮೇಲಿರುವುದನ್ನೇ ನೋಡಿದೆ. ಅದಕ್ಕಿಂತ ಕೆಳಗಿನದು ಹಾಕಿದ್ದರೆ ಹಗಲೂ ದೀಪ ಹಚ್ಚಬೇಕಾಗುತ್ತಿತ್ತು.

ಅಡುಗೆಮನೆಯಲ್ಲಿ ಮಾತ್ರ ಮೂರೂ ಸೋತವು. ಕಿಟಕಿಯಿಂದ ನಾಲ್ಕು ಅಡಿ ದೂರಕ್ಕೆ ಪಕ್ಕದ ಮನೆಯ ಗೋಡೆ, ಅದಕ್ಕೆ ಗಾಢ ಕೇಸರಿ ಬಣ್ಣ. ಹನ್ನೊಂದು ಗಂಟೆ ಬಿಸಿಲು ಅದಕ್ಕೆ ಬಡಿದು ನಮ್ಮ ಅಡುಗೆಮನೆಗೆಲ್ಲ ಕೇಸರಿ ಬೆಳಕು ಬರುತ್ತದೆ. ಅದರಲ್ಲಿ ನನ್ನ ಬಣ್ಣ ಕೆಸರು ನೀರಿನ ಹಾಗಾಯಿತು. ಅಲ್ಲಿಗೆ ಕೆನೆಬಿಳಿ ಹಾಕಿಸಿದೆವು. ಹೊರಗೆ ಎದುರಿಗೆ ಯಾವ ಬಣ್ಣದ ಗೋಡೆ ಇದೆ ಅಂತ ನೋಡದೆ ಒಳಗಿನ ಬಣ್ಣ ಆರಿಸಬೇಡಿ.

ಕೆರೆಯುವ ಕೆಲಸ ಶುರುವಾದ ಮೇಲೆ ನಾಲ್ಕು ದಿನ ಮನೆಯೆಲ್ಲ ಧೂಳು. ಮಗಳಿಗೆ ಮೂರು ವರ್ಷ, ಅವಳನ್ನು ಚಿತ್ರದುರ್ಗಕ್ಕೆ ಅವ್ವನ ಮನೆಗೆ ಕಳಿಸಿಬಿಟ್ಟೆ. ಅದಕ್ಕೆ ಬರೀ ಧೂಳು ಕಾರಣವಲ್ಲ. ಬಾಗಿಲುಗಳಿಗೆ ಹಳೇ ಕಾಲದ ಹಸಿರು ಆಯಿಲ್ ಪೇಂಟ್ ಇತ್ತು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು, ಅದರ ಪುಡಿ ಮಕ್ಕಳ ಹೊಟ್ಟೆಗೆ ಹೋದರೆ ಮೆದುಳಿಗೆ ತೊಂದರೆ. ಬಾಗಿಲನ್ನು ಒಣಗಿಸಿಟ್ಟು ಉಜ್ಜಬೇಡಿ, ನೀರು ಹಾಕಿಕೊಂಡು ಉಜ್ಜಿ ಅಂತ ಮೇಸ್ತ್ರಿಗೆ ಕೇಳಿಕೊಂಡೆ. ಅವರ ಜೊತೆ ಕೆಲಸಕ್ಕಿದ್ದ ಹುಡುಗರಿಗೆ ಮಾಸ್ಕ್ ತಂದುಕೊಟ್ಟೆ. ಪುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎತ್ತಿದೆವು.

ಐದನೇ ದಿನ ಹಾಲಿನಲ್ಲಿ, ಬಚ್ಚಲಿಗೆ ಅಂಟಿದ ಗೋಡೆ ಕೆರೆದಾಗ ಗಾರೆ ಪುಡಿಪುಡಿಯಾಗಿ ಉದುರಿತು. ಒಳಗೆ ಬಿಳಿ ಉಪ್ಪು. ಹುಡುಗರಲ್ಲಿ ಒಬ್ಬ ಮೇಲೆ ಪುಟ್ಟಿ ಎಳೆದುಬಿಟ್ಟರೆ ಗೊತ್ತೇ ಆಗಲ್ಲ ಅಂದ. ಆರು ತಿಂಗಳಿಗೆ ಗೊತ್ತಾಗುತ್ತದೆ ಅಂತ ನಾನು ಬಿಡಲಿಲ್ಲ. ಎರಡಡಿ ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೆಗೆ ಇಟ್ಟು ನಾಲ್ಕೂ ಕಡೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿದೆ. ಮಾರನೇ ದಿನ ಹಾಳೆಯ ಒಳಮೈಯಲ್ಲಿ, ಗೋಡೆಯ ಕಡೆ, ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು ಸಾಲಾಗಿ ನಿಂತಿದ್ದವು. ನೀರು ಗೋಡೆಯ ಒಳಗಿಂದಲೇ ಬರುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪ್ಲಂಬರ್ ಬಂದು ಟೈಲ್ ಒಡೆದು ನೋಡಿದರೆ ನಲ್ಲಿಯ ಪೈಪಿನ ಜಾಯಿಂಟು ಜಿನುಗುತ್ತಿತ್ತು. ಪೈಪು, ಗಾರೆ, ಟೈಲ್ ಸೇರಿ 4,500. ಆ ಜಾಗಕ್ಕೆ ಮೂರು ವಾರ ಯಾರೂ ಕೈ ಹಚ್ಚಲಿಲ್ಲ. ಹಸಿ ಗಾರೆಯ ಮೇಲೆ ಬಣ್ಣ ಹಾಕಿದರೆ ನಿಲ್ಲುವುದಿಲ್ಲ. ಮತ್ತೆ ಹಾಳೆ ಅಂಟಿಸಿ, ಒಣಗಿದೆ ಅಂತ ಖಾತ್ರಿ ಮಾಡಿಕೊಂಡೇ ಪುಟ್ಟಿ ಹಾಕಿಸಿದೆ. ನಡುವೆ ಜಾತ್ರೆಯ ಆರು ದಿನ ಕೆಲಸ ನಿಂತಿತು. ಹೇಗೂ ಗೋಡೆ ಒಣಗಬೇಕಿತ್ತು, ನಾವೂ ದೇವಸ್ಥಾನಕ್ಕೆ ಹೋಗಿ ಬಂದೆವು.

ಪುಟ್ಟಿ 40 ಕೆಜಿಯ ಏಳು ಚೀಲ ಹಿಡಿಯಿತು, 6,300. ಪುಟ್ಟಿ ಉಜ್ಜಿದ ಮೇಲೆ ರಾತ್ರಿ ಒಂದು ಬಲ್ಬನ್ನು ಗೋಡೆಗೆ ಒತ್ತಿ ಹಿಡಿದು ಓರೆ ಬೆಳಕಲ್ಲಿ ನೋಡಿ. ಹಗಲಲ್ಲಿ ಕಾಣದ ಗೀರು, ಗುಳಿ ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ನಾನು ಪೆನ್ಸಿಲಿನಲ್ಲಿ ಸಣ್ಣ ಸೊನ್ನೆ ಸುತ್ತಿಟ್ಟೆ. ಮೇಸ್ತ್ರಿಗೆ ಬೇಜಾರಾಗುತ್ತದೇನೋ ಅಂತ ಹೆದರಿದ್ದೆ, ಅವರು ಒಂದೊಂದನ್ನೂ ಸರಿ ಮಾಡಿಕೊಟ್ಟರು. ಪ್ರೈಮರ್ ಒಂದೇ ದಿನದಲ್ಲಿ ಮುಗಿಯಿತು.

ಬಣ್ಣ 20 ಲೀಟರ್ ಬಕೆಟ್ ತಂದೆವು, 10,400. ಲೆಕ್ಕದ ಪ್ರಕಾರ ಸಾಕಾಗಬೇಕಿತ್ತು. ಎರಡು ಕೋಟು ಬಳಿದರೂ ಲೀಟರಿಗೆ ನೂರು ಚದರ ಅಡಿ ಮೇಲೇ ಬರುತ್ತದೆ. ಆದರೆ ಹಾಲಿನ ಉದ್ದ ಗೋಡೆಯಲ್ಲಿ ರೋಲರ್ ಪಟ್ಟೆ ಉಳಿದು ಮೂರನೇ ಕೋಟು ಬೇಕಾಯಿತು. ನಮ್ಮೂರ ಫೆಬ್ರವರಿ ಬಿಸಿಲಿಗೆ ಗೋಡೆ ಬೇಗ ಒಣಗುತ್ತದೆ, ಒಂದು ಪಟ್ಟೆ ಒಣಗುವ ಮುಂಚೆ ಪಕ್ಕದ ಪಟ್ಟೆ ಎಳೆಯದಿದ್ದರೆ ಸೇರುವ ಜಾಗ ಕಾಣುತ್ತದೆ. ಮೂರನೇ ಕೋಟನ್ನು ಫ್ಯಾನ್ ಆರಿಸಿ, ಬೆಳಿಗ್ಗೆ ತಂಪಲ್ಲಿ, ಇಬ್ಬರು ಒಟ್ಟಿಗೆ ನಿಂತು ಒಂದೇ ಉಸಿರಿಗೆ ಮುಗಿಸಿದರು. ಕಲೆ ಹೋಯಿತು. ಆದರೆ ಪಡುವಣ ಕಡೆಯ ರೂಮಿನ ಕೊನೆಯ ಗೋಡೆಗೆ ಬಂದಾಗ ಬಕೆಟ್ ಖಾಲಿ.

ಇಲ್ಲಿ ನಾವು ಮೋಸ ಹೋದೆವು. ಸಂಜೆ ನನ್ನ ಗಂಡ ಬೇರೆ ಅಂಗಡಿಗೆ ಹೋಗಿ 4 ಲೀಟರ್ ಕೇಳಿದರು. ನಮ್ಮ ದರ್ಜೆಯ ಬಣ್ಣ ಅಲ್ಲಿರಲಿಲ್ಲ. ಅದೇ ಕಂಪನಿ, ಅದೇ ಕೋಡ್, ಅದೇ ಬಣ್ಣ ಬರುತ್ತದೆ ಅಂತ ಹೇಳಿ ಬೇರೆ ದರ್ಜೆಯದನ್ನು ಕಲಸಿಕೊಟ್ಟರು, 1,900. ರಾತ್ರಿ ಹಚ್ಚಿದಾಗ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಕಿಟಕಿ ತೆಗೆದರೆ ಗೋಡೆಯ ನಡುವೆ ನೇರ ಗೆರೆ. ಒಂದು ಕಡೆ ಮಾಸಲು, ಇನ್ನೊಂದು ಕಡೆ ಹೊಳಪು, ಸ್ವಲ್ಪ ಜಾಸ್ತಿ ಹಸಿರು. ನಿಜವಾಗಲೂ ಅಳು ಬಂತು. ವಾಪಸ್ ಕೊಡಲು ಹೋದರೆ ಕಲಸಿದ ಬಣ್ಣ ವಾಪಸ್ ತಗೊಳ್ಳುವುದಿಲ್ಲ ಅಂದರು. ಮಿಷನ್ನಿನಲ್ಲಿ ಕಲಸಿದ್ದನ್ನು ಯಾವ ಅಂಗಡಿಯವರೂ ವಾಪಸ್ ತಗೊಳ್ಳುವುದು ಕಷ್ಟ, ಬೇರೆಯವರಿಗೆ ಮಾರಲು ಬರುವುದಿಲ್ಲವಲ್ಲ.

ಕೋಡ್ ಒಂದೇ ಆದರೂ ಬಣ್ಣದ ದರ್ಜೆ, ಬೇಸ್ (ಬಣ್ಣದ ಹನಿ ಕಲಸುವ ಮುಂಚಿನ ಮೂಲ ಪೇಂಟ್), ಹೊಳಪು ಬದಲಾದರೆ ಗೋಡೆಯ ಮೇಲೆ ಬೇರೆಯೇ ಕಾಣುತ್ತದೆ. ತಿಳಿ ಬೂದುಹಸಿರಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ಬಿಳಿಗೆ ಕಲಸುವುದೇ ಕಪ್ಪು, ಹಳದಿ, ಹಸಿರಿನ ಕೆಲವೇ ಹನಿ. ಒಂದು ಹನಿ ಆಚೀಚೆ ಆದರೂ ಬೂದು ಹೋಗಿ ಬೇರೇನೋ ಆಗುತ್ತದೆ. ಮುಚ್ಚಳದ ಮೇಲೆ ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ದರ್ಜೆಯ ಹೆಸರು, ಬೇಸ್, ಕೋಡ್, ಯಾವ ಬಣ್ಣ ಎಷ್ಟು ಅಂತ ಎಲ್ಲ ಇರುತ್ತದೆ. ಮೊದಲ ದಿನವೇ ಅದರ ಫೋಟೋ ತೆಗೆದಿಡಿ. ನಾವು ತೆಗೆದಿರಲಿಲ್ಲ. ಖಾಲಿ ಬಕೆಟ್ಟಿನ ಮುಚ್ಚಳವನ್ನು ಹುಡುಗರು ಬ್ರಷ್ ಇಡಲು ಬಳಸಿ ಚೀಟಿಯ ಮೇಲೆಲ್ಲ ಬಣ್ಣ ಬಿದ್ದಿತ್ತು. ಮೊದಲ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಕೇಳಿ ಇಟ್ಟುಕೊಂಡಿದ್ದೆ, ಅದರ ನಂಬರಿನಿಂದ ಹಳೇ ಲೆಕ್ಕ ತೆಗೆದು ಸರಿಯಾದ 4 ಲೀಟರ್ ಕಲಸಿಕೊಟ್ಟರು, 2,250. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇವೆ ಅಂದಾಗ ಬೇಡ ಅಂದದ್ದು ಅವತ್ತು ಉಳಿಸಿತು. ಆಮೇಲೂ ಗೆರೆಯ ಮೇಲಷ್ಟೇ ತೇಪೆ ಹಾಕದೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನು ಹೊಸದಾಗಿ ಬಳಿಸಿದೆವು. ಎರಡು ಡಬ್ಬದ ನಡುವೆ ಸಣ್ಣ ಫರಕು ಇದ್ದರೂ ಮೂಲೆಯಲ್ಲಿ ಮುಚ್ಚಿಹೋಗುತ್ತದೆ. ತಪ್ಪಿದ ಡಬ್ಬ ಅಟ್ಟದ ಒಳಗೋಡೆಗೆ ಹೋಯಿತು.

ಕೊನೆಯದಾಗಿ ಬಲ್ಬು. ಮನೆಯಲ್ಲಿದ್ದವೆಲ್ಲ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ), ಅಚ್ಚ ಬಿಳಿ ಬೆಳಕು. ಅದರಲ್ಲಿ ಗೋಡೆ ತಣ್ಣಗೆ, ನೀಲಿಯಾಗಿ ಕಾಣುತ್ತಿತ್ತು. 3000 ಕೆ ಹಾಕಿ ನೋಡಿದರೆ ಬಣ್ಣ ಬೆಚ್ಚಗಾಯಿತು, ಆದರೆ ಹಸಿರು ಪೂರ್ತಿ ಅಡಗಿತು, ಅತ್ತೆಗೆ ವಚನದ ಪುಸ್ತಕ ಓದಲು ಬೆಳಕು ಸಾಲದು ಅನಿಸಿತು. 4000 ಕೆ ಬಲ್ಬು ಆರು ತಂದೆ, 900 ರೂಪಾಯಿ. ಅದರಲ್ಲಿ ಶೀಟಿನ ಮೇಲೆ ಹಗಲು ಕಂಡ ಬಣ್ಣವೇ ರಾತ್ರಿಯೂ ಸಿಕ್ಕಿತು.

ಒಟ್ಟು ಖರ್ಚು 86,000ದ ಹತ್ತಿರ ಬಂತು. ನಾವು 65,000 ಎತ್ತಿಟ್ಟಿದ್ದೆವು. ಪೈಪು, ಬಾಗಿಲ ಬಣ್ಣ, ತಪ್ಪಿದ ಡಬ್ಬ, ಅಡುಗೆಮನೆಯ ಬೇರೆ ಬಣ್ಣ, ಬಲ್ಬು, ಇವು ಯಾವುದೂ ಮೊದಲ ಲೆಕ್ಕದಲ್ಲಿ ಇರಲಿಲ್ಲ. ಹಳೇ ಮನೆ ಆದರೆ ಕಾಲು ಭಾಗ ಜಾಸ್ತಿ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ಭಾನುವಾರ ಮೇಸ್ತ್ರಿ ಕೊನೆಯ ಕಂತಿಗೆ ಬಂದಾಗ ಅತ್ತೆ ಮಂಡಕ್ಕಿ ಮೆಣಸಿನಕಾಯಿ ಮಾಡಿ ಕೂರಿಸಿದರು. ಉಳಿದ ಒಂದೂವರೆ ಲೀಟರ್ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಕೋಡ್, ದರ್ಜೆ, ತಾರೀಖು ಬರೆದು ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಸಂಜೆ ಹೊತ್ತಿಗೆ ಹರಿಹರದಿಂದ ಅತ್ತೆಯ ತಂಗಿ ಬಂದಿದ್ದರು. ಹಾಲಿನಲ್ಲಿ ನಿಂತು ಸುತ್ತ ನೋಡಿ, "ಇದರ ನಂಬರ್ ಬರಕೊಡು ತಾಯಿ, ನಮ್ಮನೆಗೂ ಇದೇ ಹಾಕಿಸ್ತೀವಿ" ಅಂದರು. ನಾನು ಬಾಯಿ ತೆಗೆಯುವ ಮುಂಚೆ ಅತ್ತೆಯೇ ಒಳಗೆ ಹೋಗಿ ಮೂರೂ ಡ್ರಾಯಿಂಗ್ ಶೀಟು ಸುರುಳಿ ಸುತ್ತಿ ತಂದರು. "ನಂಬರ್ ಆಮೇಲೆ. ನಿಮ್ಮ ಹಾಲಿನ ಬಾಗಿಲು ಪಡುವಣಕ್ಕೈತೆ. ಮೊದಲು ಇವನ್ನ ಗೋಡಿಗೆ ಒರಗಿಸಿ ಒಂದು ಹಗಲು ಒಂದು ರಾತ್ರಿ ನೋಡು" ಅಂದರು. ಶೀಟುಗಳು ಈಗ ಹರಿಹರದಲ್ಲಿವೆ.